ಹದಿನೇಳನೇ ನಂಬರಿನ ಹುಡುಗಿ

ಮಾರೇನಹಳ್ಳಿಯ ಆ ಅನುದಾನಿತ ಶಾಲೆಯ ಮೂರನೇ ತರಗತಿಯಲ್ಲಿ ಹದಿನಾರಾದ ಮೇಲೆ ಹದಿನೆಂಟು ಬರುತ್ತಿತ್ತು. ಮಕ್ಕಳಿಗೆ ಎಣಿಕೆ ಬರುತ್ತಿರಲಿಲ್ಲವೆಂದಲ್ಲ. ಹಾಜರಿ ಕೂಗುವಾಗ ಪ್ರಭಾ ಮಿಸ್ ಹದಿನೇಳನ್ನು ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು, ಅದೂ ನಿನ್ನೆ ಮೊನ್ನೆಯಿಂದಲ್ಲ, ಇಪ್ಪತ್ತಾರು ವರ್ಷದಿಂದ. ಆ ನಂಬರನ್ನು ಯಾವ ಮಗುವಿಗೂ ಕೊಟ್ಟವರಲ್ಲ. ಹೆಡ್ಮಾಸ್ಟರುಗಳು ಬಂದರು, ಹೋದರು. ಕೇಳಿದವರಿಗೆಲ್ಲ ಪ್ರಭಾ ಮಿಸ್ "ಏನೋ ಒಂದು ಅಭ್ಯಾಸ ಸಾರ್" ಎಂದು ನಕ್ಕು ಜಾರಿಕೊಳ್ಳುತ್ತಿದ್ದರು.

ದೊಡ್ಡವರು ಹಾಗೆ ನಕ್ಕು ಸುಮ್ಮನಾಗುತ್ತಾರೆ, ಮಕ್ಕಳು ಸುಮ್ಮನಾಗುತ್ತಾರೆಯೇ? ಅವರು ತಮ್ಮದೇ ಕಥೆ ಕಟ್ಟಿಕೊಂಡಿದ್ದರು. ಎರಡನೇ ಬೆಂಚಿನಲ್ಲಿ ಕಿಟಕಿ ಪಕ್ಕದ ಜಾಗ ಹದಿನೇಳರದು, ಅಲ್ಲಿ ಕೂತವರ ನಾಲಗೆ ಬಿದ್ದುಹೋಗುತ್ತದೆ ಎಂದು ನಾಲ್ಕನೇ ತರಗತಿಯವರು ಮೂರಕ್ಕೆ ಬರುವವರಿಗೆ ಪ್ರತಿ ವರ್ಷ ಹೇಳಿಕೊಡುತ್ತಿದ್ದರು. ಒಂದು ಬೆಂಚಿನಲ್ಲಿ ನಾಲ್ವರು ಒತ್ತಿಕೊಂಡು ಕೂತಾರು, ಆ ಜಾಗಕ್ಕೆ ಮಾತ್ರ ಹೋಗರು. ಪ್ರಭಾ ಮಿಸ್ಸಿಗೆ ಇದು ಗೊತ್ತಿತ್ತು. ಒಂದು ಸಲ ಗದರಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಗದರಲಿಲ್ಲ. ಆ ಜಾಗ ಖಾಲಿ ಇರುವುದೇ ಸರಿ ಎಂದು ಅವರಿಗೂ ಅನಿಸುತ್ತಿತ್ತು.

ಈ ಜೂನ್‌ನಲ್ಲಿ ಹಾಜರಿ ಮೊಬೈಲಿಗೆ ಬಂತು. ಹೆಡ್ಮಾಸ್ಟರ್ ವೆಂಕಟಗಿರಿ ಹೊಸ ಪಟ್ಟಿಯನ್ನು ಮುದ್ರಿಸಿ ತಂದುಕೊಟ್ಟು, "ನಂಬರ್ ಎಲ್ಲಾ ಕಂಪ್ಯೂಟರೇ ಕೊಟ್ಟಿದೆ ಮೇಡಂ. ನಿಮ್ಮ ಅಭ್ಯಾಸ ಅದಕ್ಕೆ ಗೊತ್ತಿಲ್ಲ. ಈ ಒಂದು ವರ್ಷ ಹೇಗೋ ಅಡ್ಜಸ್ಟ್ ಮಾಡ್ಕೊಂಡ್ಬಿಡಿ, ಆಮೇಲೆ ನೀವು ರಿಟೈರು," ಎಂದರು. ಪ್ರಭಾ ಮಿಸ್ ಪಟ್ಟಿಯ ಮೇಲೆ ಬೆರಳಾಡಿಸಿದರು. ಹದಿನೇಳು: ಭಾಗವ್ವ, ತಂದೆ ದುಂಡಪ್ಪ. ಬಾಗಲಕೋಟೆ ಕಡೆಯವರು. ತಂದೆಗೆ ಬಿನ್ನಿಪೇಟೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ ಕೆಲಸ.

ಊರಿಂದ ಬರುವುದು ತಡವಾಗಿ ಆ ಹುಡುಗಿ ಒಂದು ವಾರ ಬಿಟ್ಟು ಶಾಲೆಗೆ ಸೇರಿದಳು. ಖಾಲಿ ಇದ್ದದ್ದು ಒಂದೇ ಜಾಗ. ಕಥೆ ಗೊತ್ತಿಲ್ಲದವಳು ಬ್ಯಾಗು ತಂದು ಎರಡನೇ ಬೆಂಚಿನ ಕಿಟಕಿ ಪಕ್ಕ ಇಟ್ಟು ಕೂತಳು. ಅಕ್ಕಪಕ್ಕದ ಮಕ್ಕಳು ಉಸಿರು ಬಿಗಿ ಹಿಡಿದು ಮಿಸ್ಸಿನ ಮುಖ ನೋಡಿದರು.

"ಹದಿನೇಳು," ಎಂದರು ಪ್ರಭಾ ಮಿಸ್. ಇಷ್ಟು ವರ್ಷದ ಮೇಲೆ ಆ ಸಂಖ್ಯೆ ಅವರ ಬಾಯಿಂದ ಹೊರಟಿತ್ತು.

ಹುಡುಗಿ ಎದ್ದು ನಿಂತಳು. ಬಾಯಿ ತೆರೆದಳು. ಮಾತು ಬರಲಿಲ್ಲ, ಸದ್ದೂ ಬರಲಿಲ್ಲ. ಕಣ್ಣುಗಳು ಬಿಗಿಯಾಗಿ ಮುಚ್ಚಿಕೊಂಡವು, ಕುತ್ತಿಗೆಯ ನರ ಉಬ್ಬಿತು, ಬಲಗಾಲು ನೆಲವನ್ನು ಒತ್ತಿ ಹಿಡಿಯಿತು. ಇವಳು ಸಣಕಲಿ, ಮೂಗಿನಲ್ಲಿ ಕಡ್ಡಿಯಷ್ಟು ಮೂಗುತಿ. ಹಿಂದೊಮ್ಮೆ ಹದಿನೇಳಾಗಿದ್ದ ಆ ಇನ್ನೊಬ್ಬಳದು ಗುಂಡು ಮುಖ, ಎರಡು ಜಡೆ. ಹೋಲಿಕೆ ಎಂಬುದು ಎಳ್ಳಷ್ಟೂ ಇರಲಿಲ್ಲ. ಆದರೆ ಆ ತೆರೆದ ಬಾಯಿ ಅದೇ ಬಾಯಿ. ಪ್ರಭಾ ಮಿಸ್ಸಿನ ಕೈಯಿಂದ ಪೆನ್ನು ಬಿತ್ತು.

"ಹಾಜರ್ ಅಲ್ವಾ ಪುಟ್ಟಿ? ಗೊತ್ತಾಯ್ತು, ಕೂತ್ಕೋ ಕೂತ್ಕೋ," ಎಂದು ಆತುರಾತುರವಾಗಿ ತಾವೇ ಹೇಳಿ, ಹದಿನೆಂಟಕ್ಕೆ ಹಾರಿದರು.

ಆ ಇನ್ನೊಬ್ಬಳ ಹೆಸರು ಅಂಜನಮ್ಮ.

ತೊಂಬತ್ತೊಂಬತ್ತನೇ ಇಸವಿ. ಪ್ರಭಾ ಮಿಸ್ ಆಗ ಕೆಲಸಕ್ಕೆ ಹೊಸಬರು, ಇನ್ನೂ ಕಾಯಂ ಆಗಿರಲಿಲ್ಲ. ಮಕ್ಕಳು ಬಾರದ ಗೆಳೆಯರ ಪರವಾಗಿ ಕೈ ಎತ್ತಿ ಹಾಜರಿ ಹಾಕಿಸಿಬಿಡುತ್ತಿದ್ದರು. ಅದಕ್ಕಾಗಿ ಆಗಿನ ಹೆಡ್ಮಾಸ್ಟರ್ ಇವರನ್ನು ಎಲ್ಲರೆದುರು ಬೈದಿದ್ದರು. ಮಾರನೆಯ ದಿನದಿಂದ ಕಟ್ಟುನಿಟ್ಟು. ಕೈ ಎತ್ತಿದರೆ ಲೆಕ್ಕವಿಲ್ಲ. ಎದ್ದು ನಿಂತು ಬಾಯಲ್ಲಿ "ಹಾಜರ್ ಮಿಸ್" ಎನ್ನಬೇಕು. ನಂಬರು ಕೂಗಿ ಪೆನ್ನಿನಿಂದ ಮೇಜಿನ ಮೇಲೆ ಮೂರು ಸಲ ಟಕ್, ಟಕ್, ಟಕ್. ಅಷ್ಟರೊಳಗೆ ದನಿ ಬಾರದಿದ್ದರೆ ರಿಜಿಸ್ಟರಿನಲ್ಲಿ ಕೆಂಪು ಇಂಕಿನ 'ಗೈ'. ಗೈರುಹಾಜರಿ. ಈ ಏರ್ಪಾಡಿನ ಬಗ್ಗೆ ಅವರಿಗೆ ಹೆಮ್ಮೆಯೂ ಇತ್ತು ಅನ್ನಿ. ಅಕ್ಕಪಕ್ಕದ ತರಗತಿಯವರು ಬಂದು ನೋಡಿ ಕಲಿತುಕೊಂಡು ಹೋಗಿದ್ದರು.

ಅಂಜನಮ್ಮ ಎದ್ದು ನಿಲ್ಲುತ್ತಿದ್ದಳು, ಬಾಯಿ ತೆರೆಯುತ್ತಿದ್ದಳು. ಟಕ್, ಟಕ್, ಟಕ್. ಒಂದೊಂದು ದಿನ ಹೇಗೋ ಮಾತು ಆಚೆ ಬೀಳುತ್ತಿತ್ತು, ಬಹಳ ದಿನ ಬೀಳುತ್ತಿರಲಿಲ್ಲ. ಮೊದಮೊದಲು ಕೈ ಎತ್ತಿ ಬೆರಳು ಅಲ್ಲಾಡಿಸಿ ತೋರಿಸಿದಳು. "ಕೈ ಇಳಿಸು. ಬಾಯಿ ಇಲ್ವಾ ನಿಂಗೆ?" ಎಂದರು ಪ್ರಭಾ ಮಿಸ್. ತರಗತಿ ಘೊಳ್ಳೆಂದು ನಕ್ಕಿತು. ಆಮೇಲೆ ಅವಳು ಕೈ ಎತ್ತುವುದನ್ನೂ ಬಿಟ್ಟಳು. ಹಠಮಾರಿ, ನಾಲ್ಕು ದಿನ ಗೈರು ಬಿದ್ದರೆ ದಾರಿಗೆ ಬರುತ್ತಾಳೆ ಎಂದುಕೊಂಡರು ಇವರು. ಕಣ್ಣೆದುರಿಗೇ ಎರಡನೇ ಬೆಂಚಿನಲ್ಲಿ ಕೂತು ಕಾಪಿ ಬರೆಯುವ ಹುಡುಗಿಗೆ ನಲವತ್ತೊಂದು ದಿನ ಗೈರು ಹಾಕಿದರು.

ಆಗ ಹಾಜರಿ ಕಡಿಮೆಯಾದ ಮಕ್ಕಳಿಗೆ ಸರ್ಕಾರ ಶಾಲೆಯಲ್ಲಿ ಕೊಡುತ್ತಿದ್ದ ತಿಂಗಳ ಅಕ್ಕಿ ಸಿಗುತ್ತಿರಲಿಲ್ಲ. ಎರಡು ತಿಂಗಳ ಅಕ್ಕಿ ಬಾರದ್ದಕ್ಕೆ ಅವಳ ಅಪ್ಪ ಬೈರಯ್ಯ ಮಗಳ ಕೈ ಹಿಡಿದು ಶಾಲೆಗೆ ಬಂದ. ಮಿಲ್ಲಿನ ಕೆಲಸ ಇದ್ದೂ ಇಲ್ಲದಂತಾಗಿದ್ದ ಮನುಷ್ಯ. ಹೆಡ್ಮಾಸ್ಟರ್ ರಿಜಿಸ್ಟರ್ ಬಿಚ್ಚಿ ಅವನ ಮುಂದೆ ಹಿಡಿದರು. ಓದು ಬಾರದವನಿಗೂ ಕೆಂಪು ಗೊತ್ತಾಗುತ್ತದಲ್ಲ.

"ದಿನಾ ಬೆಳಿಗ್ಗೆ ಬುತ್ತಿ ಕಟ್ಕೊಂಡು ಎಲ್ಲಿಗೆ ಹೋಗ್ತಿದ್ದೆ? ಹೇಳೇ, ಎಲ್ಲಿಗೆ ಹೋಗ್ತಿದ್ದೆ?"

ಅಂಜನಮ್ಮ ಬಾಯಿ ತೆರೆದಳು. ಕುತ್ತಿಗೆಯ ನರ ಉಬ್ಬಿತು. ಏನೂ ಬರದೆ, ಪ್ರಭಾ ಮಿಸ್ಸಿನ ಕಡೆ ತಿರುಗಿದಳು. ನೀವೇ ಹೇಳಿ ಎನ್ನುವ ಹಾಗೆ.

ಪ್ರಭಾ ಮಿಸ್ ಕೂಡ ಬಾಯಿ ತೆರೆದರು. ಅವಳು ಕ್ಲಾಸಿನಲ್ಲೇ ಇದ್ದಳು ಎಂಬ ಮೂರು ಮಾತು. ಅಷ್ಟು ಹೇಳಿದರೆ ರಿಜಿಸ್ಟರಿನಲ್ಲಿ ಸುಳ್ಳು ಬರೆದೆನೆಂದು ಒಪ್ಪಿಕೊಂಡಂತಾಗುತ್ತದೆ, ಪಕ್ಕದಲ್ಲೇ ಹೆಡ್ಮಾಸ್ಟರ್ ನಿಂತಿದ್ದಾರೆ, ಕೆಲಸ ಕಾಯಂ ಆಗಿಲ್ಲ. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಬೈರಯ್ಯ ಅಲ್ಲೇ ಮಗಳ ಕೆನ್ನೆಗೆ ಹೊಡೆದ. "ಬಾಯಿ ಬಿಡಲ್ಲ ಅಂದ್ಮೇಲೆ ಏನೋ ಮಾಡ್ಕೊಂಡಿದಾಳೆ ಸಾರ್. ಓದಿದ್ದು ಸಾಕು ಬಿಡಿ." ಎರಡು ದಿನದಲ್ಲಿ ವರ್ಗಾವಣೆ ಪತ್ರ ತೆಗೆದುಕೊಂಡು ಹೋದ.

ಮುಂದೆ ಎರಡು ವರ್ಷಕ್ಕೆ, ಕೆಲಸ ಕಾಯಂ ಆದ ಮೇಲೆ, ಧೈರ್ಯ ಮಾಡಿ ಪ್ರಭಾ ಮಿಸ್ ಅವರ ವಠಾರ ಹುಡುಕಿಕೊಂಡು ಹೋದರು. ವಠಾರವೇ ಇರಲಿಲ್ಲ, ಪಾಯ ತೋಡುತ್ತಿದ್ದರು. ಕೆಂಗೇರಿ ಕಡೆ ಹೋದರು ಎಂದರು ಒಬ್ಬರು. ಹುಡುಗಿಯನ್ನು ಊದುಬತ್ತಿ ಹೊಸೆಯಲು ಹಾಕಿದ್ದರು, ಆಮೇಲೆ ಗೊತ್ತಿಲ್ಲ ಎಂದರು ಇನ್ನೊಬ್ಬರು.

ಅಂಜನಮ್ಮ ಶಾಲೆ ಬಿಟ್ಟ ದಿನದಿಂದಲೇ ಶುರುವಾಗಿತ್ತು ನೋಡಿ. ಹದಿನಾರು ಎಂದು ಕೂಗಿದ ಮೇಲೆ ತರಗತಿಯಲ್ಲಿ ಒಂದು ಮೌನ ಬಂದು ನಿಲ್ಲುತ್ತಿತ್ತು, ಬಾಗಿಲಲ್ಲಿ ಯಾರೋ ಒಳಕ್ಕೆ ಬರಲೇ ಎಂದು ನಿಂತ ಹಾಗೆ. ಪೆನ್ನಿನಿಂದ ಮೇಜು ಕುಟ್ಟುವುದನ್ನು ಅವರು ಯಾವತ್ತೋ ಬಿಟ್ಟಿದ್ದರು. ಆದರೆ ಅಡುಗೆಮನೆಯ ನಲ್ಲಿ ಮೂರು ಹನಿ ತೊಟ್ಟಿಕ್ಕಿದರೆ ಸಾಕು, ಕೈಯಲ್ಲಿದ್ದ ಸೌಟು ಅಲ್ಲೇ ನಿಲ್ಲುತ್ತಿತ್ತು. ವಿಜಯನಗರದ ಬಸ್ ಸ್ಟ್ಯಾಂಡಿನಲ್ಲಿ ಮೂವತ್ತು ದಾಟಿದ ಯಾವ ಹೆಂಗಸಾದರೂ ಏನೋ ಕೇಳಲು ಬಾಯಿ ತೆರೆದು ಒಂದು ಗಳಿಗೆ ತಡೆದರೆ, ಪ್ರಭಾ ಮಿಸ್ ಬಂದ ಬಸ್ಸನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತಾ ನಿಂತುಬಿಡುತ್ತಿದ್ದರು. ಅವಳು ಕೊನೆಗೆ ಕೇಳುತ್ತಿದ್ದದ್ದು ಉಲ್ಲಾಳದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದಷ್ಟೇ.

ಈಗ ಭಾಗವ್ವ. ಈ ಸಲ ತಪ್ಪು ಮಾಡಕೂಡದು ಎಂದು ಪಣ ತೊಟ್ಟವರಂತೆ ಪ್ರಭಾ ಮಿಸ್ ಅವಳನ್ನು ಅಂಗೈಯಲ್ಲಿಟ್ಟು ಕಾಪಾಡಿದರು. ಹಾಜರಿಗೆ ತಾವೇ ಉತ್ತರ ಹೇಳುವರು. ಮಗ್ಗಿಯ ಸರದಿ ಬಂದರೆ ಅವಳನ್ನು ದಾಟಿಸಿ ಮುಂದಿನವರನ್ನು ಕೇಳುವರು. ಅವಳು "ನೀ..." ಎಂದರೆ "ನೀರು ಕುಡೀಬೇಕಾ, ಹೋಗು" ಎನ್ನುವರು. ಭಾಗವ್ವ ಒಂದು ಕ್ಷಣ ಅವರನ್ನೇ ನೋಡಿ, ತಲೆಯಾಡಿಸಿ, ಹೋಗುವಳು. ಅವಳಿಗೆ ಬೇಕಿದ್ದದ್ದು ನೀರೇ ಆಗಿತ್ತೋ ಇಲ್ಲವೋ ಯಾರು ಕೇಳಿದರು? ದೀಪಾವಳಿಯ ಹೊತ್ತಿಗೆ ಅವಳು "ನೀ" ಎನ್ನುವುದನ್ನೂ ನಿಲ್ಲಿಸಿದ್ದಳು.

ಡಿಸೆಂಬರಿನಲ್ಲಿ ಓದಿನ ಪರೀಕ್ಷೆ ಬಂತು. ಹೊರಗಿನಿಂದ ಬಂದವರು ಮಗುವಿಗೆ ಒಂದು ಪುಟ ಕೊಟ್ಟು ಗಟ್ಟಿಯಾಗಿ ಓದಿಸಿ ಅಂಕ ಹಾಕುತ್ತಾರೆ. ಭಾಗವ್ವನಿಗೆ ಸೊನ್ನೆ. ವೆಂಕಟಗಿರಿ ಒಂದು ಫಾರಂ ತೆಗೆದರು. ವಿಶೇಷ ಶಾಲೆಗೆ ಕಳಿಸಲು ಶಿಫಾರಸು. ತರಗತಿ ಶಿಕ್ಷಕರ ಅಭಿಪ್ರಾಯ, ಪೋಷಕರ ಸಹಿ. ಶುಕ್ರವಾರ ದುಂಡಪ್ಪನನ್ನು ಬರಹೇಳಿದರು. ಅವನು ಫೋನಿನಲ್ಲೇ ಹೇಳಿಬಿಟ್ಟಿದ್ದನಂತೆ, ಇನ್ನೊಂದು ಸಾಲಿ ಗೀಲಿ ಬ್ಯಾಡ್ರಿ, ಊರಾಗ ನಮ್ಮವ್ವನ ಕೂಡ ಇರ್ತಾಳ, ಎಮ್ಮಿ ನೋಡ್ಕೋತ, ಎಂದು. ವೆಂಕಟಗಿರಿ ಕೆಟ್ಟ ಮನುಷ್ಯರಲ್ಲ. ಇನ್ನೂರು ಮಕ್ಕಳ ನಡುವೆ ಒಂದು ಮಗುವಿಗೆ ಅವರ ಹತ್ತಿರ ಇದ್ದದ್ದು ಆ ಒಂದು ಹಾಳೆ.

ಬುಧವಾರ ಪ್ರಭಾ ಮಿಸ್ ಗೆಳತಿಯೊಬ್ಬರ ಮೂಲಕ ದೀಪ್ತಿಯನ್ನು ಕರೆಸಿದರು. ಬಸವೇಶ್ವರನಗರದಲ್ಲಿ ಮಕ್ಕಳ ಮಾತಿನ ತೊಂದರೆಗಳನ್ನು ನೋಡುವ ಚಿಕಿತ್ಸಕಿ, ವಯಸ್ಸಿನಲ್ಲಿ ಇವರ ಮಗಳಷ್ಟು. ಆಕೆ ಭಾಗವ್ವನ ಪಕ್ಕ ಕೂತು ಚಿತ್ರ ತೋರಿಸಿದಳು, ಹಾಡಿಸಿದಳು, ಹೆಚ್ಚಾಗಿ ಸುಮ್ಮನೆ ಕೂತಳು. ಪ್ರಭಾ ಮಿಸ್ ಎದುರಿಗೇ ಇದ್ದರು. ಆಮೇಲೆ ಹುಡುಗಿಯನ್ನು ಹೊರಗೆ ಕಳಿಸಿ, "ಮೇಡಂ, ಬೇಜಾರು ಮಾಡ್ಕೋಬೇಡಿ. ಅರ್ಧ ಗಂಟೇಲಿ ಅವಳು ಹನ್ನೊಂದು ಸಲ ಮಾತಾಡೋಕ್ಕೆ ಶುರು ಮಾಡಿದ್ಲು. ಹನ್ನೊಂದು ಸಲಾನೂ ನೀವೇ ಮುಗಿಸಿದ್ರಿ," ಎಂದಳು.

"ಒದ್ದಾಡ್ತಾಳಲ್ಲಮ್ಮಾ, ಪಾಪ. ನೋಡಕ್ಕಾಗಲ್ಲ."

"ಒದ್ದಾಡ್ಲಿ ಬಿಡಿ. ಅವಳು ಒದ್ದಾಡ್ತಾ ಇರೋದು ಮಾತಾಡೋಕ್ಕೆ ತಾನೇ? ಉಗ್ಗು ಅಂದ್ರೆ ಬ-ಬ-ಬ ಅನ್ನೋದು ಅಂತ ಎಲ್ರೂ ಅಂದ್ಕೋತಾರೆ. ಸದ್ದೇ ಬರದೆ ಗಂಟಲಲ್ಲೇ ಸಿಕ್ಕಿಕೊಳ್ಳೋ ಉಗ್ಗೂ ಇರುತ್ತೆ. ಬುದ್ಧಿಗೂ ಅದಕ್ಕೂ ಸಂಬಂಧ ಇಲ್ಲ. ಅವಳಿಗೆ ಓದಕ್ಕೆ ಚೆನ್ನಾಗಿ ಬರುತ್ತೆ, ನಾನು ಬರೆಸಿ ನೋಡಿದೆ. ಬೈದ್ರೂ ಬಾಯಿ ಮುಚ್ಚುತ್ತೆ, ನೀವು ಮುಗಿಸಿಕೊಟ್ರೂ ಮುಚ್ಚುತ್ತೆ."

"ಹಾಗಾದ್ರೆ ಏನ್ಮಾಡ್ಲಿ?"

"ವಾರಕ್ಕೊಂದು ದಿನ ನನ್ನ ಹತ್ರ ಕಳಿಸಿ. ಉಳಿದ ದಿನ, ಕಾಯಿರಿ. ಗಡಿಯಾರ ನೋಡದೆ, ಮುಖ ನೋಡ್ತಾ."

ಪ್ರಭಾ ಮಿಸ್ ವರ್ಷಗಳಿಂದ ಯಾರನ್ನೂ ಕೇಳದ ಪ್ರಶ್ನೆ ಕೇಳಿದರು. "ಅದು ಹಠ ಆಗಿರಲ್ವಾ? ಕೆಲವು ಮಕ್ಕಳು... ಬೇಕು ಅಂತಾನೇ ಬಾಯಿ ಬಿಡದೆ ನಿಂತಿರ್ತಾರಲ್ಲ."

"ಹಠ ಮಾಡೋ ಮಕ್ಕಳ ಕುತ್ತಿಗೆ ನರ ಹಾಗೆ ಉಬ್ಬಲ್ಲ ಮೇಡಂ," ಎಂದು ದೀಪ್ತಿ ಬ್ಯಾಗಿನ ಜಿಪ್ ಎಳೆದಳು.

ಆ ನರವನ್ನು ಅವರು ನೋಡಿದ್ದರು. ನಲವತ್ತೊಂದು ದಿನ ನೋಡಿದ್ದರು. ಗೊತ್ತಿರಲಿಲ್ಲ ಎಂದು ಇಷ್ಟು ವರ್ಷ ತಮಗೆ ತಾವೇ ಹೇಳಿಕೊಂಡ ಸಮಾಧಾನವೊಂದಿತ್ತಲ್ಲ, ಅದೂ ಅವತ್ತು ಹೋಯಿತು. ಅವತ್ತು ಸಂಜೆ ಅವರು ನಡೆದೇ ಮನೆಗೆ ಹೋದರು.

ಶುಕ್ರವಾರ ದುಂಡಪ್ಪ ನೀಲಿ ಸಮವಸ್ತ್ರದಲ್ಲೇ ಬಂದ. ಟೋಪಿ ಕೈಯಲ್ಲಿ, ಪಕ್ಕದಲ್ಲಿ ಭಾಗವ್ವ. ಅದೇ ಆಫೀಸ್ ರೂಮು, ಹಳೆಯ ರಿಜಿಸ್ಟರುಗಳಿದ್ದ ಅದೇ ಬೀರು. ಮೇಜಿನ ಮೇಲೆ ಫಾರಂ.

"ಮನ್ಯಾಗ ಹಾಡ ಹಾಡ್ತಾಳ್ರೀ, ಆವಾಗ ಒಂಚೂರೂ ತಡವರಿಸಂಗಿಲ್ಲ," ಎಂದ ದುಂಡಪ್ಪ. "ಬಜಿ ಬೇರ ತೇಯ್ದ ನಾಲಗಿಗಿ ಹಚ್ಚೀವ್ರಿ, ಗುಡಿ ಗಂಟಿ ತೊಳದ ನೀರ ಕುಡಿಸೀವ್ರಿ. ಏನೂ ಆಗವಲ್ದು. ಊರಿಗೇ ಕಳಸ್ತೀನ್ರಿ. ಎಲ್ಲಿ ಸಹಿ ಮಾಡ್ಬೇಕ್ರಿ?"

"ಮೊದ್ಲು ಮೇಡಂ ಬರೀಲಿ," ಎಂದು ವೆಂಕಟಗಿರಿ ಹಾಳೆ ಸರಿಸಿದರು. "ಓದು, ಮಾತು ಎರಡೂ ಬರುವುದಿಲ್ಲ ಅಂತ ಹಾಕಿ ಮೇಡಂ. ಸಾಕು."

ಭಾಗವ್ವ ಪ್ರಭಾ ಮಿಸ್ಸಿನ ಕಡೆ ತಿರುಗಿ ನೋಡಿದಳು.

ಪ್ರಭಾ ಮಿಸ್ ಬಾಯಿ ತೆರೆದರು. ಮಾತು ನಾಲಗೆಯ ಹಿಂದೆಯೇ ಇದೆ, ಗೊತ್ತಿದೆ, ಬರುತ್ತಿಲ್ಲ. ಫ್ಯಾನು ತಿರುಗುತ್ತಿತ್ತು. ವೆಂಕಟಗಿರಿ ತಮಗೇ ಅರಿವಿಲ್ಲದೆ ಪೆನ್ನಿನ ತುದಿಯಿಂದ ಮೇಜನ್ನು ಕುಟ್ಟಿದರು. ಟಕ್, ಟಕ್...

"ಅವಳು ಕ್ಲಾಸಲ್ಲೇ ಇದ್ಲು!" ಮೂರನೆಯ ಸದ್ದಿಗೆ ಮುಂಚೆ ಪ್ರಭಾ ಮಿಸ್ ಕೂಗಿಬಿಟ್ಟರು. "ನಲವತ್ತೊಂದು ದಿನಾನೂ ಕ್ಲಾಸಲ್ಲೇ ಇದ್ಲು. ಹೊಡೀಬೇಡಿ ಬೈರಯ್ಯನವರೇ. ತಪ್ಪು ನಂದು."

ದುಂಡಪ್ಪ ಟೋಪಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡ.

"ಅಕ್ಕಾರ," ಎಂದ ಮೆಲ್ಲಗೆ. "ನನ್ನ ಹೆಸರ ದುಂಡಪ್ಪ ಅಂತರೀ."

ಪ್ರಭಾ ಮಿಸ್ ಕುರ್ಚಿಯಲ್ಲಿ ಕುಸಿದು ಕೂತು ಎಲ್ಲವನ್ನೂ ಹೇಳಿದರು. ಅಂಜನಮ್ಮನ ಹೆಸರು, ಮೂರು ಸಲ ಕುಟ್ಟುವುದು, ಕೆಂಪು ಇಂಕು, ಎತ್ತಿದ ಕೈ, ಅಕ್ಕಿ, ಕೆನ್ನೆಗೆ ಬಿದ್ದ ಏಟು, ತಾವು ಮುಚ್ಚಿಕೊಂಡ ಬಾಯಿ, ಯಾವುದನ್ನೂ ಬಿಡಲಿಲ್ಲ. ಕೇಳಬೇಕಾಗಿದ್ದ ಅಪ್ಪ ಇವನಲ್ಲ, ಆದರೂ ಹೇಳಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಈ ಮಗೂಗೆ ಓದಕ್ಕೆ ಬರುತ್ತೆ ಸಾರ್. ಯಾರೂ ಕಾಯಲಿಲ್ಲ, ಅಷ್ಟೇ. ಈಗ ಓದಿಸಿ ನೋಡಿ," ಎಂದು ಮೂರನೇ ತರಗತಿಯ ಪುಸ್ತಕ ಬಿಚ್ಚಿಟ್ಟರು.

ಭಾಗವ್ವ ಹಾಳೆಯ ಮೇಲೆ ಬೆರಳಿಟ್ಟಳು. ಬಾಯಿ ತೆರೆದಳು. ಒಂದು ನಿಮಿಷ ಏನೂ ಇಲ್ಲ. ವೆಂಕಟಗಿರಿಯವರ ಫೋನು ರಿಂಗಾಯಿತು. ಪ್ರಭಾ ಮಿಸ್ ಕೈ ಚಾಚಿ ಅದನ್ನು ಕಟ್ ಮಾಡಿ, ಮಗುಚಿಟ್ಟರು.

"ಕ್... ಕೆ... ಕೆರೆಯ ದಡದಲ್ಲಿ ಬ್... ಬೆಳ್ಳಕ್ಕಿ ನಿಂತಿತ್ತು." ನಡುವೆ ದೊಡ್ಡ ಬಿಡುವು. ಪ್ರಭಾ ಮಿಸ್ಸಿನ ತುಟಿ ಮುಂದಿನ ಪದಕ್ಕೆ ತಾನಾಗಿ ಅಲುಗಿತು. ಅದನ್ನು ಹಲ್ಲಿನಿಂದ ಕಚ್ಚಿ ಹಿಡಿದರು. "ಅ... ಅದಕ್ಕೆ ಹ್... ಹಸಿವಾಗಿತ್ತು."

ಎರಡು ಸಾಲಿಗೆ ನಾಲ್ಕು ನಿಮಿಷ ಹಿಡಿಯಿತು. ಒಂದು ಅಕ್ಷರ ತಪ್ಪಲಿಲ್ಲ. ದುಂಡಪ್ಪ ಫಾರಂ ತೆಗೆದುಕೊಂಡು, ಸಹಿ ಮಾಡದೆ, ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿದ. "ಇದು ಬ್ಯಾಡ್ರಿ ಸರ್. ನಮ್ಮ ಹುಡುಗಿ ಇಲ್ಲೇ ಇರ್ಲಿ," ಎಂದ. ವೆಂಕಟಗಿರಿ ಬೇಡವೆನ್ನಲಿಲ್ಲ.

ಹೇಳಿಕೊಂಡರೆ ಎದೆ ಹಗುರಾಗುತ್ತದೆ ಎನ್ನುತ್ತಾರೆ. ಪ್ರಭಾ ಮಿಸ್ಸಿಗೆ ಹಗುರಾಗಲಿಲ್ಲ. ಶನಿವಾರವೂ ನಲ್ಲಿ ತೊಟ್ಟಿಕ್ಕಿತು, ಭಾನುವಾರವೂ ಸೌಟು ನಿಂತಿತು. ಬೈರಯ್ಯನಿಗೆ ಸಲ್ಲಬೇಕಾದ ಮಾತು ದುಂಡಪ್ಪನಿಗೆ ಸಂದಿತ್ತು.

ಸೋಮವಾರ ಹಾಜರಿಗೆ ಮುಂಚೆ ಅವರು ತರಗತಿಗೆ ಹೊಸ ನಿಯಮ ಹೇಳಿದರು. "ಇವತ್ತಿಂದ ಯಾರ ಉತ್ತರ ಎಷ್ಟು ತಡವಾದ್ರೂ ನಾವೆಲ್ಲಾ ಕಾಯ್ಬೇಕು. ಯಾರೂ ನಗೋ ಹಾಗಿಲ್ಲ, ಯಾರೂ ಹೇಳಿಕೊಡೋ ಹಾಗಿಲ್ಲ. ನಾನೂ ಅಷ್ಟೇ."

"ಹದಿನೇಳು."

ಭಾಗವ್ವ ಎದ್ದಳು. ಬಾಯಿ ತೆರೆಯಿತು, ನರ ಉಬ್ಬಿತು. ಪ್ರಭಾ ಮಿಸ್ ಕೈಗಳನ್ನು ಮೇಜಿನ ಕೆಳಗೆ ಒಂದಕ್ಕೊಂದು ಬಿಗಿದು ಹಿಡಿದು, ಅವಳ ಮುಖವನ್ನೇ ನೋಡಿದರು. ಹೊರಗೆ ತರಕಾರಿ ಗಾಡಿಯವನು ಕೂಗುತ್ತಾ ಬಂದು, ಕೂಗುತ್ತಾ ದೂರ ಹೋದ.

"ಹ್... ಹಾ... ಹಾಜರ್ ಮಿಸ್."

ನಲವತ್ತರವರೆಗೂ ಕೂಗಿ ಮುಗಿಯಿತು. ಮಕ್ಕಳು ಪುಸ್ತಕ ತೆಗೆಯತೊಡಗಿದರು. ಪ್ರಭಾ ಮಿಸ್ ಮೊಬೈಲನ್ನು ಮೇಜಿನ ಮೇಲಿಟ್ಟರು.

"ಇನ್ನೊಂದು ಹೆಸರಿದೆ," ಎಂದರು. ಅವರ ದನಿ ಅವರಿಗೇ ಬೇರೆಯಾಗಿ ಕೇಳಿಸಿತು. "ಅಂಜನಮ್ಮ."

ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು. ಹೊಸ ನಿಯಮ ನೆನಪಿತ್ತು, ಯಾರೂ ನಗಲಿಲ್ಲ. ಎರಡನೇ ಬೆಂಚಿನ ಕಿಟಕಿಯಿಂದ ಬಿಸಿಲು ಒಳಗೆ ಬಿದ್ದಿತ್ತು. ಪ್ರಭಾ ಮಿಸ್ ಕಾದರು. ಎಷ್ಟು ಹೊತ್ತು ಎಂದು ನೋಡಲಿಲ್ಲ. ಹಿಂದಿನ ಬೆಂಚಿನಲ್ಲಿ ಒಬ್ಬಳು ಕೆಮ್ಮಿದಳು, ಇನ್ನೊಬ್ಬ ಕಾಲು ಬದಲಾಯಿಸಿದ. ಉತ್ತರ ಬರಲಿಲ್ಲ, ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಕಣ್ಣು ತುಂಬಿ ಬಂತು. ಸಾಕು ಎಂದುಕೊಂಡು ಎದ್ದು ಪುಸ್ತಕಕ್ಕೆ ಕೈ ಹಾಕಿದರು.

ಭಾಗವ್ವ ಎದ್ದು ನಿಂತಿದ್ದಳು. ಅವಳು ಯಾರೂ ಕರೆಯದೆ ತಾನಾಗಿ ಎದ್ದದ್ದು ಇದೇ ಮೊದಲು. ತಾನು ಕೂತಿದ್ದ ಜಾಗ ನೋಡಿದಳು, ಮಿಸ್ಸನ್ನು ನೋಡಿದಳು, ಬಾಯಿ ತೆರೆದಳು. ಇಡೀ ತರಗತಿ ಅವಳಿಗಾಗಿ ಕಾಯಿತು.

"ಇ... ಇನ್ನೂ ಕ್... ಕಾಯ್ರಿ, ಮಿಸ್," ಎಂದಳು. "ಅ... ಅಕಿಗೂ ತಡಾ ಆಗತೈತಿ."

ಪ್ರಭಾ ಮಿಸ್ ಪುಸ್ತಕದಿಂದ ಕೈ ತೆಗೆದು ಮತ್ತೆ ಕೂತರು.